ಅಂತ್ರಸಂಧಾನ ವಿಚಾರ

(ಶ್ರೀಮಠದ ವಜ್ರಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)

 

ಮಹೋತ್ಸವದ ಈ ವೇದಿಕೆಯಲ್ಲಿ ಕರುಳಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಿರಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುವೆನು. ನಾನು ವೈದ್ಯನಲ್ಲ, ಶಸ್ತ್ರ ಹಿಡಿದವನಂತೂ ಅಲ್ಲವೇ ಅಲ್ಲ. ಗುರುಗಳ ಮುಂದೆ ಕುಳಿತು ವ್ಯಾಕರಣ ತರ್ಕಗಳ ಜೊತೆಗೆ ಸುಶ್ರುತಸಂಹಿತೆಯನ್ನು ಓದಿದವನು, ಈಗ ಅದನ್ನು ಓದಿಸುತ್ತಿರುವವನು, ಅಷ್ಟೆ. ಆದರೆ ಕೆಲವು ವರ್ಷಗಳಿಂದ ಮಠಕ್ಕೆ ಬರುವ ಭಕ್ತರಲ್ಲಿ, ಮನೆಯವರ ಹೊಟ್ಟೆಯ ಶಸ್ತ್ರಕ್ರಿಯೆಯ ವಿಷಯವಾಗಿ ಸಲಹೆ ಕೇಳುವವರು ಹೆಚ್ಚಾಗಿರುವರು. ಹೋದ ಸುಗ್ಗಿಯಲ್ಲಿ ಒಬ್ಬ ತರುಣನು ಬಂದು, “ಶಾಸ್ತ್ರಿಗಳೆ, ಅಪ್ಪಗ ಕರಳು ಕೊಯ್ದು ಜೋಡಸ್ತಾರಂತ್ರಿ. ಮಿಷನ್ ಹೊಲಿಗಿ ಅಂದ್ರ ರೊಕ್ಕ ಭಾಳ, ಕೈ ಹೊಲಿಗಿ ಅಂದ್ರ ಕಡಿಮಿ ಅಂತಾರ. ಯಾವದು ಪಾಡು ಹೇಳ್ರಿ” ಎಂದು ಕೇಳಿದನು. ನಾನು ಬಾಯಿ ತೆರೆಯುವದರೊಳಗೆ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಮಿಷನ್ನೂ ನಮ್ಮದ ಐತಿ ತಗೋ. ಸುಶ್ರುತ ಎಂದೋ ಹೇಳಿಟ್ಟಾನ” ಎಂದು ತೀರ್ಪು ಕೊಟ್ಟುಬಿಟ್ಟರು.

ಆ ಪ್ರಶ್ನೆಯೂ ಯೋಗ್ಯವಾದುದು. ಆ ತೀರ್ಪಿನ ಹಿಂದಿರುವ ಅಭಿಮಾನವೂ ನನಗೆ ಅಪ್ರಿಯವಾದುದಲ್ಲ. ಆದರೂ ಎರಡನ್ನೂ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಆಮೇಲೆ ಒಂದೆರಡು ವರ್ಷ ಸಿಕ್ಕ ಗ್ರಂಥಗಳನ್ನು ಓದಿಯೂ, ಶಸ್ತ್ರವೈದ್ಯರಾದ ಭಕ್ತರನ್ನು ಬಿಡದೆ ಕೇಳಿಯೂ ನಾನು ತಿಳಿದುಕೊಂಡದ್ದೇನೆಂದರೆ, ಹೊಲಿಗೆಯು ಕರುಳನ್ನು ಕೂಡಿಸುವದಿಲ್ಲ, ಕರುಳು ತಾನೇ ಕೂಡಿಕೊಳ್ಳುವದು. ಹೊಲಿಗೆಯಾಗಲಿ ಯಂತ್ರವಾಗಲಿ ಅದರ ಎರಡು ಅಂಚುಗಳನ್ನು ಕೆಲವು ದಿನ ಒಂದೆಡೆ ಹಿಡಿದಿಡುವ ಆಳು ಮಾತ್ರ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆಳುಗಳನ್ನು ಒಬ್ಬೊಬ್ಬರನ್ನಾಗಿ ನೋಡೋಣ.

ಮೊದಲು ಸುಶ್ರುತನ ಗ್ರಂಥ. ಅದರ ಶಾರೀರಸ್ಥಾನದಲ್ಲಿ ಪುರುಷರ ಕರುಳು ಮೂರೂವರೆ ವ್ಯಾಮವೆಂದೂ ಸ್ತ್ರೀಯರದು ಅದಕ್ಕಿಂತ ಅರ್ಧ ವ್ಯಾಮ ಕಡಿಮೆಯೆಂದೂ ಲೆಕ್ಕವಿದೆ. ಎರಡು ತೋಳುಗಳನ್ನು ಚಾಚಿದರೆ ಒಂದು ವ್ಯಾಮ, ಅರ್ಥಾತ್ ಒಂದು ಮಾರು. ಮೂರೂವರೆ ಮಾರೆಂದರೆ ಸುಮಾರು ೬ ಮೀಟರು ಆಯಿತು. ಸಣ್ಣ ಕರುಳಿಗೆ ಇಂದಿನವರು ಹೇಳುವ ಅಳತೆಯೂ ಅದರ ಆಸುಪಾಸಿನದೇ. ಅಳೆದು ನೋಡದೆ ಇಂಥ ಮಾತು ಹುಟ್ಟದು.

ಚಿಕಿತ್ಸಾಸ್ಥಾನದ ೧೪ನೆಯ ಅಧ್ಯಾಯವು ಉದರರೋಗಗಳದು. ಅಲ್ಲಿ ಎರಡು ವ್ಯಾಧಿಗಳಿಗೆ ಹೊಟ್ಟೆಯನ್ನು ಸೀಳುವ ಕ್ರಮವನ್ನು ಹೇಳಿದೆ. ಒಂದು ಬದ್ಧಗುದೋದರ, ಕರುಳು ಕಟ್ಟಿದ್ದು. ಇನ್ನೊಂದು ಪರಿಸ್ರಾವಿ, ಎಲುಬೋ ಮುಳ್ಳೋ ಒಳಗಿನಿಂದ ಚುಚ್ಚಿ ಕರುಳು ತೂತಾದದ್ದು. ಹೊಕ್ಕುಳಿನ ಕೆಳಗೆ, ಎಡಕ್ಕೆ, ನಡುವಿನ ರೋಮರೇಖೆಯಿಂದ ನಾಲ್ಕು ಅಂಗುಲ ಬಿಟ್ಟು ಸೀಳಬೇಕು. ನಾಲ್ಕು ಅಂಗುಲದಷ್ಟು ಕರುಳನ್ನು ಹೊರಕ್ಕೆಳೆದು ಪರೀಕ್ಷಿಸಬೇಕು. ತಡೆಯಾಗಿರುವ ಕಲ್ಲು, ಕೂದಲು, ಮಲಗಳನ್ನು ತೆಗೆದು ಜೇನು ತುಪ್ಪಗಳನ್ನು ಸವರಿ ಇದ್ದ ಸ್ಥಾನದಲ್ಲಿಯೇ ಇಡಬೇಕು. ಬಳಿಕ ಹೊರಗಿನ ಗಾಯವನ್ನು ಹೊಲಿಯಬೇಕು. ತೂತಾದ ಪಕ್ಷದಲ್ಲಿ ಒಳಗಿನ ಶಲ್ಯವನ್ನು ಕಿತ್ತು, ಸುರಿದುದನ್ನು ಶುದ್ಧಮಾಡಿ, ತೂತಿನ ಅಂಚುಗಳನ್ನು ಒಂದಕ್ಕೊಂದು ಸರಿಯಾಗಿ ಹೊಂದಿಸಿ, ಕರಿಯ ಇರುವೆಗಳಿಂದ ಕಚ್ಚಿಸಬೇಕು. ಕಚ್ಚಿದ ಮೇಲೆ ಅವುಗಳ ಒಡಲನ್ನು ತೆಗೆದುಹಾಕಬೇಕು, ತಲೆಗಳನ್ನಲ್ಲ. ಆಮೇಲೆ ಹೊರಗೆ ಯಷ್ಟಿಮಧು ಬೆರೆಸಿದ ಕರಿಮಣ್ಣಿನ ಲೇಪ, ಕಟ್ಟು, ಗಾಳಿಯಾಡದ ಮನೆ, ಎಣ್ಣೆಯ ಅಥವಾ ತುಪ್ಪದ ದೋಣಿಯಲ್ಲಿ ವಾಸ, ಹಾಲಿನ ಆಹಾರ.

ನಮ್ಮ ಹಳ್ಳಿಗಳ ಮಕ್ಕಳಿಗೆ ಈ ಇರುವೆಯ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಗೊದ್ದ ಕಚ್ಚಿದಾಗ ಎಳೆದರೆ ಒಡಲು ಕೈಗೆ ಬರುವದು, ತಲೆ ಚರ್ಮದಲ್ಲಿಯೇ ಉಳಿಯುವದು. ಎರಡು ದವಡೆಗಳೂ ಎರಡು ಅಂಚುಗಳನ್ನು ಹಿಡಿದು ಬಿಗಿದುಕೊಂಡಿರುವವು. ಚರಕಸಂಹಿತೆಯೂ ಉದರಚಿಕಿತ್ಸೆಯಲ್ಲಿ ಈ ಇರುವೆಯ ಕ್ರಮವನ್ನು ಹೇಳಿ, ಇದು ಕಣ್ಣಾರೆ ಕಂಡು ಕೈಯಾರೆ ಮಾಡಿ ಪಳಗಿದ ಶಲ್ಯವೈದ್ಯರ ಕೆಲಸವೆಂದು ತನ್ನವರನ್ನು ದೂರ ನಿಲ್ಲಿಸಿದೆ. ತನಗೆ ಬಾರದ್ದನ್ನು ಬಲ್ಲವರಿಗೆ ಬಿಟ್ಟುಕೊಡುವ ಈ ವಿನಯವು ನನಗೆ ಇರುವೆಗಿಂತ ಹೆಚ್ಚು ಮೆಚ್ಚಿಗೆಯಾದುದು.

ಆದರೆ ಓದುವವನು ಗ್ರಂಥವು ಹೇಳಿದ್ದನ್ನೂ ಓದಬೇಕು, ಹೇಳದಿದ್ದುದನ್ನೂ ಗುರುತಿಸಬೇಕು. ಇಲ್ಲಿ ಸುಶ್ರುತನು ಮುಚ್ಚುವದು ಒಂದು ತೂತನ್ನು. ಕೆಟ್ಟುಹೋದ ಒಂದು ಗೇಣು ಕರುಳನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಸುತ್ತಲೂ ಜೋಡಿಸುವ ಕ್ರಮವು ಆ ಅಧ್ಯಾಯದಲ್ಲಿಲ್ಲ. ಕರುಳಿನೊಳಗಿನ ಕಲ್ಲನ್ನು ತೆಗೆಯಬೇಕಾದರೆ ಕರುಳನ್ನೂ ಸೀಳಬೇಕಷ್ಟೆ. ಆ ಸೀಳನ್ನು ಹೇಗೆ ಮುಚ್ಚಿದರೆಂಬದಕ್ಕೂ ಅಲ್ಲಿ ವಾಕ್ಯವಿಲ್ಲ. ಇನ್ನು ಸದ್ಯೋವ್ರಣಗಳ ಅಧ್ಯಾಯದಲ್ಲಿ, ಗಾಯದಿಂದ ಹೊರಬಿದ್ದ ಕರುಳು ಹರಿಯದಿದ್ದರೆ ಮಾತ್ರ ಒಳಕ್ಕೆ ಸೇರಿಸಬೇಕು, ಹರಿದಿದ್ದರೆ ಕೂಡದು ಎಂದು ಹೇಳಿ, ಇರುವೆಯ ತಲೆಗಳಿಂದ ಹಿಡಿಸಿದರೆ ಅದನ್ನೂ ಸೇರಿಸಬಹುದೆಂಬದು ಕೆಲವರ ಮತವೆಂದಿದೆ. “ಕೆಲವರ ಮತ” ಎಂಬ ಆ ಒಂದು ಪದವನ್ನು ನಮ್ಮ ಅಭಿಮಾನಿಗಳು ಓದದೆ ದಾಟಿಹೋಗುವರು. ಆಚಾರ್ಯನೇ ಸಂಶಯವಿಟ್ಟ ಸ್ಥಳದಲ್ಲಿ ನಾವು ನಿಶ್ಚಯವನ್ನು ಸಾರುವದು ಗುರುಭಕ್ತಿಯಾಗಲಾರದು. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಮಣ್ಣು, ಹುಲ್ಲು, ರಕ್ತಗಳು ಮೆತ್ತಿದ ಕರುಳನ್ನು ಹಾಲಿನಿಂದ ತೊಳೆದು, ತುಪ್ಪ ಸವರಿ, ಉಗುರು ಕತ್ತರಿಸಿಕೊಂಡ ಕೈಯಿಂದ ಮೆಲ್ಲಮೆಲ್ಲನೆ ಒಳಗಿಡಬೇಕು. ಯಂತ್ರವನ್ನು ಸುಶ್ರುತನ ಪಾಲಿಗೆ ಕಟ್ಟುವ ಬದಲು ಈ ಉಗುರಿನ ಮಾತನ್ನು ಎತ್ತಿ ತೋರಿಸಿದರೆ ಅವನಿಗೆ ಸಲ್ಲಬೇಕಾದ ಗೌರವವು ಸಲ್ಲುವದೆಂದು ನನ್ನ ಎಣಿಕೆ.

ಇರುವೆಯ ಉಪಾಯವು ನಮ್ಮಲ್ಲಿಯೇ ನಿಲ್ಲಲಿಲ್ಲ. ಸುಮಾರು ಕ್ರಿ. ಶ. ೧೦೦೦ದ ವೇಳೆಗೆ ಸ್ಪೇನ ದೇಶದ ಕಾರ್ಡೋಬಾದಲ್ಲಿದ್ದ ಅರಬೀ ಶಸ್ತ್ರವೈದ್ಯ ಅಲ್-ಜಹ್ರಾವಿಯ ಗ್ರಂಥದಲ್ಲಿಯೂ ಕರುಳಿನ ಗಾಯಕ್ಕೆ ದೊಡ್ಡ ತಲೆಯ ಇರುವೆಗಳನ್ನು ಹೇಳಿದೆ; ಪ್ರಾಣಿಯ ಕರುಳಿನಿಂದ ಹೊಸೆದ ದಾರದ ಮಾತೂ ಅಲ್ಲಿದೆ. ಮುಂದೆ ಅನೇಕ ಶತಮಾನಗಳವರೆಗೆ ಈ ವಿದ್ಯೆಯು ಎಲ್ಲಿಯೂ ಹೆಚ್ಚು ಮುಂದಕ್ಕೆ ಸಾಗಲಿಲ್ಲ. ಕರುಳಿಗೆ ಗಾಯವಾದರೆ ಮನುಷ್ಯನು ಹೋದನೆಂಬದೇ ಲೋಕದ ಅನುಭವವಾಗಿದ್ದಿತು.

೧೮೧೨ರಲ್ಲಿ ಲಂಡನ್ನಿನ ಬೆಂಜಮಿನ್ ಟ್ರಾವರ್ಸ್ ಎಂಬ ಶಸ್ತ್ರವೈದ್ಯನು, ಕರುಳಿನ ಗಾಯಗಳನ್ನು ಪ್ರಕೃತಿಯು ಹೇಗೆ ಸರಿಪಡಿಸುವದೆಂಬ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. ಗ್ರಂಥದ ಹೆಸರಿನಲ್ಲಿಯೇ ಕರ್ತೃತ್ವವನ್ನು ಪ್ರಕೃತಿಗೆ ಒಪ್ಪಿಸಿರುವದನ್ನು ಗಮನಿಸಬೇಕು. ಕರುಳಿನ ಅಂಚುಗಳು ಸುತ್ತಲೂ ಬಿಡದೆ ಒಂದನ್ನೊಂದು ತಾಕಿಕೊಂಡಿರಬೇಕೆಂಬದು ಅವನ ಸಿದ್ಧಾಂತ. ತಾಕಬೇಕಾದುದು ಯಾವ ಮೈ, ಒಳಮೈಯೋ ಹೊರಮೈಯೋ ಎಂಬದನ್ನು ತಿಳಿಸಿದವನು ಪ್ಯಾರಿಸ್ಸಿನ ಆಂಟೊಯಿನ್ ಲಂಬೇರ್, ೧೮೨೬ರಲ್ಲಿ.

ಇಲ್ಲಿ ಕರುಳಿನ ಗೋಡೆಯ ರಚನೆಯನ್ನು ಸ್ವಲ್ಪ ಹೇಳಬೇಕು. ಅದಕ್ಕೆ ನಾಲ್ಕು ಪೊರೆಗಳು. ಎಲ್ಲಕ್ಕೂ ಒಳಗಿನದು ಅನ್ನರಸವನ್ನು ಹೀರುವ ಲೋಳೆಯ ಪೊರೆ. ಅದರ ಹೊರಗೆ ನಾರು ಮತ್ತು ರಕ್ತನಾಳಗಳಿಂದ ಹೆಣೆದ ಗಟ್ಟಿ ಪೊರೆ. ಅದರ ಹೊರಗೆ ಮಾಂಸದ ಪೊರೆ. ಎಲ್ಲಕ್ಕೂ ಹೊರಗೆ ಒದ್ದೆಯಾಗಿ ಹೊಳೆಯುವ ತೆಳುವಾದ ಹೊರಪೊರೆ. ಹೊರಪೊರೆಗೆ ಹೊರಪೊರೆ ತಾಗಿದರೆ ಕೆಲವು ಗಂಟೆಗಳಲ್ಲಿ ಅಂಟಿನಂಥ ದ್ರವವು ಒಸರಿ ಎರಡೂ ಮೆತ್ತಿಕೊಳ್ಳುವವು. ಲೋಳೆಯ ಪೊರೆಗೆ ಲೋಳೆಯ ಪೊರೆಯು ಹಾಗೆ ಅಂಟದು. ಆದುದರಿಂದ ತುದಿಗಳನ್ನು ಒಳಕ್ಕೆ ಮಡಚಿ ಹೊರಮೈಗಳು ಕೂಡುವಂತೆ ಹೊಲಿಯಬೇಕೆಂದು ಲಂಬೇರನು ಹೇಳಿದನು. ನಮ್ಮ ಅವ್ವಂದಿರು ಬಟ್ಟೆಯ ಅಂಚು ಬಿಚ್ಚದಂತೆ ಒಳಕ್ಕೆ ಮಡಚಿ ಹೊಲಿಯುವರಷ್ಟೆ. ರೂಪದಲ್ಲಿ ಅದೇ, ಕಾರಣ ಮಾತ್ರ ಬೇರೆ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಹೊರಪೊರೆ ಬೇಗ ಅಂಟುವದೇನೋ ನಿಜ. ಆದರೆ ಅದು ತೆಳುವಾದುದು, ದಾರವನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ. ಹಾಗಾದರೆ ದಾರವನ್ನು ಹಿಡಿಯುವ ಪೊರೆ ಯಾವದು? ಇದಕ್ಕೆ ಉತ್ತರ ಕೊಟ್ಟವನು ಅಮೇರಿಕೆಯ ವಿಲಿಯಂ ಹಾಲ್‌ಸ್ಟೆಡ್, ೧೮೮೭ರಲ್ಲಿ. ನಾಯಿಗಳ ಮೇಲೆ ಪ್ರಯೋಗ ಮಾಡಿ, ಎರಡನೆಯದಾದ ನಾರಿನ ಪೊರೆಯನ್ನು ಸೂಜಿಯು ಹಿಡಿಯದಿದ್ದರೆ ಹೊಲಿಗೆಗೆ ಬಲವಿಲ್ಲವೆಂದು ಅವನು ತೋರಿಸಿದನು. ಆ ಮೂಕಪ್ರಾಣಿಗಳ ಋಣವನ್ನು ಈ ವೇದಿಕೆಯ ಮೇಲಿಂದ ನೆನೆಯದಿರುವದು ಸರಿಯಲ್ಲ. ಕರುಳಿಗೆ ಹೊಲಿಗೆ ಹಾಕುವವನು ಇಂದಿಗೂ ಮೊದಲು ಕಲಿಯುವದು ಈ ಪೊರೆಯನ್ನು ತಪ್ಪದೆ ಹಿಡಿಯುವದನ್ನೇ.

ಶ್ರೀಮಠದ ತೋಟದಲ್ಲಿ ಮಾವಿನ ಕಸಿ ಕಟ್ಟುವದನ್ನು ವಿದ್ಯಾರ್ಥಿಗಳು ನೋಡಿರುವಿರಿ. ಕೊಂಬೆಯ ಸಿಗುರನ್ನೂ ಗಿಡದ ಸಿಗುರನ್ನೂ ಹೊಂದಿಸಿ ಸುತ್ತಲೂ ಪಟ್ಟಿ ಸುತ್ತುವರು. ಪಟ್ಟಿಯು ಎಷ್ಟೇ ಗಟ್ಟಿಯಾಗಿರಲಿ, ತೊಗಟೆಯ ಅಡಿಯ ಹಸಿರು ಪೊರೆಗಳು ಒಂದಕ್ಕೊಂದು ಕೂಡದಿದ್ದರೆ, ಬುಡದಿಂದ ರಸವು ಏರಿ ಬಾರದಿದ್ದರೆ, ಕಸಿ ಒಣಗಿಹೋಗುವದು. ಪಟ್ಟಿಯನ್ನು ಅತಿಯಾಗಿ ಬಿಗಿದರೂ ಕೆಡುವದು. ಕರುಳಿನಲ್ಲಿ ರಸದ ಸ್ಥಾನದಲ್ಲಿರುವದು ರಕ್ತ.

ಈಥರ್ ಮೊದಲಾದ ಮೂರ್ಛೆಯ ಔಷಧಗಳು ೧೮೪೬ರಿಂದಲೂ, ಲಿಸ್ಟರನ ಕ್ರಿಮಿನಾಶಕ ಪದ್ಧತಿಯು ೧೮೬೭ರಿಂದಲೂ ಬಳಕೆಗೆ ಬಂದ ಮೇಲೆ ಹೊಟ್ಟೆಯನ್ನು ತೆರೆಯುವ ಧೈರ್ಯ ಬಂದಿತು. ಜಠರದ ಕೊನೆಯ ಭಾಗದ ಅರ್ಬುದವನ್ನು ಕತ್ತರಿಸಿ ತೆಗೆಯುವ ಪ್ರಯತ್ನವನ್ನು ೧೮೭೯ರಲ್ಲಿ ಪ್ಯಾರಿಸ್ಸಿನ ಪೇಯಾನ್, ೧೮೮೦ರಲ್ಲಿ ಪೋಲೆಂಡಿನ ರೀದಿಗೇರ್ ಮಾಡಿದರು. ಇಬ್ಬರ ರೋಗಿಗಳೂ ಉಳಿಯಲಿಲ್ಲ. ೧೮೮೧ನೆಯ ಜನವರಿ ೨೯ರಂದು ವಿಯೆನ್ನಾ ನಗರದಲ್ಲಿ ಥಿಯೋಡೋರ್ ಬಿಲ್‌ರೋತ್ ೪೩ ವರ್ಷದ ಒಬ್ಬ ಹೆಣ್ಣುಮಗಳಿಗೆ ಅದೇ ಶಸ್ತ್ರಕ್ರಿಯೆಯನ್ನು ಮಾಡಿ, ಉಳಿದ ಜಠರವನ್ನು ಕರುಳಿಗೆ ಸುಮಾರು ೫೦ ರೇಷ್ಮೆಯ ಹೊಲಿಗೆಗಳಿಂದ ಕೂಡಿಸಿದನು. ಆ ತಾಯಿ ಚೇತರಿಸಿಕೊಂಡು ಉಣ್ಣತೊಡಗಿದಳು. ನಾಲ್ಕು ತಿಂಗಳ ಬಳಿಕ ಅವಳು ತೀರಿಕೊಂಡದ್ದು ಮರಳಿ ಹಬ್ಬಿದ ಅರ್ಬುದದಿಂದ, ಜೋಡಣೆಯು ಬಿಚ್ಚಿದ್ದರಿಂದಲ್ಲ.

ಕೈಹೊಲಿಗೆಗೆ ಹೊತ್ತು ಹಿಡಿಯುವದು. ಆ ಕಾಲದಲ್ಲಿ ಮೂರ್ಛೆಯ ಔಷಧವೂ ಅಪಾಯದ್ದು. ಒಂದೊಂದು ನಿಮಿಷಕ್ಕೂ ಬೆಲೆ. ಆದುದರಿಂದ ಬೇಗ ಜೋಡಿಸುವ ಉಪಕರಣಕ್ಕಾಗಿ ಹುಡುಕಾಟವು ನಡೆಯಿತು. ೧೮೯೨ರಲ್ಲಿ ಶಿಕಾಗೋ ನಗರದ ಜಾನ್ ಮರ್ಫಿ ಎಂಬವನು ಲೋಹದ ಒಂದು ಗುಂಡಿಯನ್ನು ಮಾಡಿದನು. ಅಂಗಿಗೆ ಹಚ್ಚುವ ಒತ್ತುಗುಂಡಿಯಂತೆ ಅದಕ್ಕೆ ಎರಡು ಭಾಗ. ಒಂದೊಂದನ್ನು ಒಂದೊಂದು ತುದಿಯಲ್ಲಿರಿಸಿ ಅಂಚನ್ನು ನಿರಿಗೆ ಹಿಡಿದು ಕಟ್ಟಿ, ಎರಡನ್ನೂ ಒತ್ತಿ ಕೂಡಿಸಿದರೆ ಮುಗಿಯಿತು. ನಡುವೆ ಸಿಕ್ಕ ಅಂಚು ಒತ್ತಡದಿಂದ ಸತ್ತು ಕಳಚುವದು. ಅಷ್ಟರಲ್ಲಿ ಅದರ ಹೊರಗಿನ ಪೊರೆಗಳು ಕೂಡಿಕೊಂಡಿರುವವು. ಗುಂಡಿಯು ಕೆಲವು ದಿನಗಳ ಮೇಲೆ ಮಲದೊಡನೆ ಹೊರಬೀಳುವದು. ಬಹು ಜಾಣತನದ ಯುಕ್ತಿ. ಆದರೆ ಗುಂಡಿಯು ಒಮ್ಮೊಮ್ಮೆ ದಾರಿಯಲ್ಲಿ ಸಿಕ್ಕಿ ಕರುಳನ್ನು ತಾನೇ ಕಟ್ಟುತ್ತಿದ್ದಿತು. ಆದುದರಿಂದ ಅದು ಹಿಂದೆ ಸರಿಯಿತು. ಒತ್ತಿ ಕೂಡಿಸುವ ಆ ತತ್ತ್ವ ಮಾತ್ರ ಸಾಯಲಿಲ್ಲ: ೧೯೮೫ರಲ್ಲಿ ಶರೀರದೊಳಗೇ ಚೂರಾಗಿ ಹೋಗುವ ಉಂಗುರದ ರೂಪದಲ್ಲಿ ಮರಳಿ ಬಂದಿತು, ಈಚೆಗೆ ಅಯಸ್ಕಾಂತದ ಜೋಡಿ ಉಂಗುರಗಳಲ್ಲಿಯೂ ಕೆಲವರು ಅದನ್ನು ಪರೀಕ್ಷಿಸುತ್ತಿರುವರು.

ನಿಜವಾದ ಯಂತ್ರದ ಹೊಲಿಗೆ ಹುಟ್ಟಿದ್ದು ಹಂಗೇರಿಯಲ್ಲಿ. ೧೯೦೮ರಲ್ಲಿ ಬುಡಾಪೆಸ್ಟ್ ನಗರದ ಹ್ಯೂಮರ್ ಹ್ಯೂಲ್ಟ್ಲ್ ಎಂಬ ಶಸ್ತ್ರವೈದ್ಯನು, ಕಾಗದಗಳಿಗೆ ಪಿನ್ನು ಹೊಡೆಯುವಂತೆ ಲೋಹದ ಸಣ್ಣ ಕೊಂಡಿಗಳನ್ನು ಸಾಲುಸಾಲಾಗಿ ಚುಚ್ಚಿ ಮಡಚುವ ಉಪಕರಣವನ್ನು ಬಳಸಿದನು. ಅದರ ತೂಕ ೩.೬ ಕಿಲೋಗ್ರಾಂ, ಒಂದು ಶಸ್ತ್ರಕ್ರಿಯೆಗೆ ಅಣಿಮಾಡಲು ಎರಡು ಗಂಟೆ ಬೇಕಾಗುತ್ತಿದ್ದಿತು. ನಿಮಿಷ ಉಳಿಸಲು ಹೊರಟವನಿಗೆ ಇದು ವಿನೋದವಾಗಿ ಕಾಣಬಹುದು. ಆದರೆ ಅವನ ಒಂದು ಸೂಕ್ಷ್ಮವು ಇಂದಿಗೂ ಉಳಿದಿದೆ: ಕೊಂಡಿಯ ಕಾಲುಗಳು ಪೂರ್ತಿ ಅಮುಕದೆ, ಇಂಗ್ಲಿಷಿನ ‘ಬಿ’ ಅಕ್ಷರದಂತೆ ಬಾಗುವವು. ಆ ಅಕ್ಷರದ ಎರಡು ಬಿಡುವುಗಳಲ್ಲಿ ಸಣ್ಣ ರಕ್ತನಾಳಗಳು ಹಾಯ್ದುಹೋಗುವದರಿಂದ ಅಂಚಿಗೆ ರಕ್ತವು ತಪ್ಪುವದಿಲ್ಲ. ಅವನ ದೇಶದವನೇ ಆದ ಪೆಟ್ಜ್ ಎಂಬವನು ಮುಂದೆ ಹಗುರವಾದ ಉಪಕರಣವನ್ನು ಮಾಡಿದನು. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ದೇಶದವರು ಇದನ್ನು ಬಹುವಾಗಿ ಬೆಳೆಯಿಸಿದರು. ೧೯೫೮ರಲ್ಲಿ ಅಲ್ಲಿಗೆ ಹೋಗಿದ್ದ ಅಮೇರಿಕೆಯ ಮಾರ್ಕ್ ರಾವಿಚ್ ಎಂಬ ವೈದ್ಯನು ಕೀವ್ ನಗರದಲ್ಲಿ ಇದರ ಬಳಕೆಯನ್ನು ಕಂಡು ಒಂದು ಉಪಕರಣವನ್ನು ತನ್ನ ದೇಶಕ್ಕೆ ತಂದನು. ೧೯೭೦ರ ದಶಕದಲ್ಲಿ ಗುದದ್ವಾರದಿಂದ ಒಳಸೇರಿಸಿ ದುಂಡಗೆ ಕೊಂಡಿ ಹೊಡೆಯುವ ಯಂತ್ರಗಳು ರೂಢಿಗೆ ಬಂದುವು. ಇರುವೆಯ ತಲೆಯಂತೆ ಈ ಕೊಂಡಿಗಳೂ ಒಳಗೇ ಉಳಿಯುವವು. ಈಗಿನವು ಟೈಟೇನಿಯಂ ಎಂಬ ಲೋಹದವು.

ಇನ್ನು ಹೋಲಿಕೆಗೆ ಬರೋಣ. ಕೈಹೊಲಿಗೆಯವರಲ್ಲಿಯೇ ಎರಡು ಪಂಗಡ. ಒಳಗೊಂದು ಸಾಲು, ಅದನ್ನು ಮುಚ್ಚಿ ಹೊರಗೊಂದು ಸಾಲು ಎಂಬದು ಹಳೆಯ ರೂಢಿ. ಒಂದೇ ಸಾಲು ಸಾಕೆಂಬದು ಈಚಿನದು. ೨೦೦೦ದಲ್ಲಿ ಪ್ರಕಟವಾದ ಅಮೇರಿಕೆಯ ಒಂದು ಪರೀಕ್ಷೆಯಲ್ಲಿ ಒಂದೇ ಸಾಲಿನ ೬೫ ಜೋಡಣೆಗಳಲ್ಲಿ ೨, ಎರಡು ಸಾಲಿನ ೬೭ರಲ್ಲಿ ೧ ಸೋರಿದವು, ಕಾಲವು ೨೦.೮ ನಿಮಿಷದ ಎದುರಿಗೆ ೩೦.೭ ನಿಮಿಷ. ೨೦೧೨ರಲ್ಲಿ ಏಳು ಪರೀಕ್ಷೆಗಳ ೮೪೨ ರೋಗಿಗಳನ್ನು ಒಟ್ಟು ಹಾಕಿ ನೋಡಿದಾಗಲೂ ಸೋರಿಕೆಯಲ್ಲಿ ಭೇದ ಕಾಣಲಿಲ್ಲ. ಎರಡು ಸಾಲಿನಲ್ಲಿ ಅಂಚು ಹೆಚ್ಚು ಒಳಮಡಚಿ ದಾರಿ ಕಿರಿದಾಗುವದು, ಹೆಚ್ಚು ಸೂಜಿಗಳಿಂದ ರಕ್ತವೂ ಕುಗ್ಗಬಹುದು. ಎರಡು ಬೀಗ ಹಾಕಿದರೆ ಮನೆಗೆ ಹೆಚ್ಚು ಕ್ಷೇಮವೆಂಬ ತರ್ಕವು ಜೀವಂತ ಪದಾರ್ಥದಲ್ಲಿ ನಡೆಯದು.

ಕೈಯೋ ಯಂತ್ರವೋ ಎಂಬ ವಾದಕ್ಕೆ ಕರುಳಿನ ಯಾವ ಭಾಗವೆಂಬದನ್ನು ಮೊದಲು ಕೇಳಬೇಕು. ಸಣ್ಣ ಕರುಳಿನ ಕೊನೆಯನ್ನು ದೊಡ್ಡ ಕರುಳಿಗೆ ಕೂಡಿಸುವ ಸ್ಥಳದಲ್ಲಿ, ಏಳು ಪರೀಕ್ಷೆಗಳ ೧೧೨೫ ರೋಗಿಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು ೨೦೧೧ರಲ್ಲಿ ಹೊರಟಿತು. ಯಂತ್ರದ ೪೪೧ರಲ್ಲಿ ೧೧, ಕೈಹೊಲಿಗೆಯ ೬೮೪ರಲ್ಲಿ ೪೨ ಸೋರಿದ್ದುವು. ಇದರಿಂದ ಯಂತ್ರವೇ ಮೇಲೆಂದು ಅನೇಕರು ನಿಶ್ಚಯಿಸಿದರು. ಆದರೆ ೨೦೧೫ರಲ್ಲಿ ಯುರೋಪಿನ ಅನೇಕ ಆಸ್ಪತ್ರೆಗಳಲ್ಲಿ ಇಂಥದೇ ಜೋಡಣೆಯಾದ ೩೨೦೮ ರೋಗಿಗಳ ಲೆಕ್ಕವನ್ನು, ಆರಿಸದೆ, ಇದ್ದುದನ್ನು ಇದ್ದ ಹಾಗೆ ತೆಗೆದಾಗ, ಕೈಹೊಲಿಗೆಯಲ್ಲಿ ನೂರಕ್ಕೆ ೭.೪, ಯಂತ್ರದಲ್ಲಿ ೮.೫ ಸೋರಿರುವದು ಕಂಡಿತು. ರೋಗಿಗಳ ಸ್ಥಿತಿಭೇದಗಳನ್ನು ಲೆಕ್ಕಕ್ಕೆ ಹಿಡಿದರೂ ಯಂತ್ರದ ಪಕ್ಷವೇ ಹಿಂದೆ ಬಿದ್ದಿತು. ಎರಡೂ ಪ್ರಾಮಾಣಿಕವಾದ ಲೆಕ್ಕಗಳೇ. ಪರೀಕ್ಷೆಗಳಲ್ಲಿ ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚುವದರಿಂದ ಪಕ್ಷಪಾತವಿಲ್ಲ, ಆದರೆ ಆರಿಸಿದ ರೋಗಿಗಳು, ಪಳಗಿದ ಕೈಗಳು. ಸಾಮಾನ್ಯ ಲೆಕ್ಕದಲ್ಲಿ ಎಲ್ಲ ಬಗೆಯ ಕೈಗಳೂ ಬರುವವು, ಆದರೆ ಯಾರಿಗೆ ಯಾವ ಕ್ರಮವೆಂಬದನ್ನು ವೈದ್ಯರೇ ಆರಿಸಿರುವರು. ಪ್ರಮಾಣಗಳು ಹೀಗೆ ಎದುರುಬದುರಾದಾಗ ಒಂದನ್ನೇ ಹಿಡಿದು ಜಯಘೋಷ ಮಾಡುವವನು ತರ್ಕಶಾಸ್ತ್ರದ ಮೊದಲ ಪಾಠವನ್ನೂ ಓದಿದವನಲ್ಲ.

ದೊಡ್ಡ ಕರುಳನ್ನು ಗುದನಾಳಕ್ಕೆ ಕೂಡಿಸುವ ಸ್ಥಳದಲ್ಲಿ ಒಂಬತ್ತು ಪರೀಕ್ಷೆಗಳ ೧೨೩೩ ರೋಗಿಗಳ ಲೆಕ್ಕವಿದೆ. ರೋಗಲಕ್ಷಣ ತೋರಿದ ಸೋರಿಕೆಯು ಯಂತ್ರದಲ್ಲಿ ನೂರಕ್ಕೆ ೬.೩, ಕೈಯಲ್ಲಿ ೭.೧, ಭೇದವೆನ್ನಲು ಬಾರದಷ್ಟು. ಜೋಡಿಸಿದ ಸ್ಥಳವು ಕಿರಿದಾಗುವದು ಯಂತ್ರದಲ್ಲಿ ೮, ಕೈಯಲ್ಲಿ ೨. ಯಂತ್ರದಿಂದ ಉಳಿದ ಕಾಲ ಸುಮಾರು ೮ ನಿಮಿಷ. ಆದರೆ ಗುದನಾಳವು ಸೊಂಟದ ಎಲುಬಿನ ಗೂಡಿನಲ್ಲಿ ಬಹಳ ಆಳಕ್ಕೆ ಇಳಿದಿರುವಾಗ ಕೈಯೂ ಸೂಜಿಯೂ ತಿರುಗಲು ಇಂಬಿಲ್ಲ. ಅಲ್ಲಿ ಯಂತ್ರವು ನಿಜವಾದ ಉಪಕಾರಿ. ಆದುದರಿಂದ ಯಂತ್ರವು ದುಡ್ಡಿನ ಆಟವೆಂದು ಹಳಿಯುವವರ ಮಾತೂ ಪೂರ್ಣಸತ್ಯವಲ್ಲ. ಅಂಗೈಯಗಲ ತೆರೆದು ಕಾಣುವ ಸಣ್ಣ ಕರುಳಿಗೆ, ಕೈಹೊಲಿಗೆ ಬಲ್ಲ ವೈದ್ಯನಿದ್ದಾಗ, ದುಬಾರಿ ಯಂತ್ರಕ್ಕಾಗಿ ಬಡವನು ಎತ್ತು ಮಾರಬೇಕಾದ ಅಗತ್ಯವಿಲ್ಲವೆಂದು ಮಾತ್ರ ನಾನು ಹೇಳಬಲ್ಲೆನು. ಆಯಾ ವೈದ್ಯನ ಕೈಗೆ ಯಾವದು ಪಳಗಿದೆಯೋ ಅದೇ ಆ ರೋಗಿಗೆ ಹಿತ.

ಹೀಗೆ ಆಳುಗಳ ನಡುವಿನ ಭೇದವು ಅಲ್ಪವಾದರೆ, ಜೋಡಣೆಯು ಉಳಿಯುವದೂ ಬಿಚ್ಚುವದೂ ಯಾವದರಿಂದ? ಶಸ್ತ್ರಕ್ರಿಯೆಯಾದ ಮೊದಲ ಮೂರು ನಾಲ್ಕು ದಿನಗಳಲ್ಲಿ ಅಂಚಿನ ಹಳೆಯ ನಾರು ಕರಗುತ್ತಿರುವದು, ಹೊಸ ನಾರು ಇನ್ನೂ ಬಲಿತಿರುವದಿಲ್ಲ. ಆಗ ಭಾರವೆಲ್ಲ ದಾರದ ಮೇಲೆ ಅಥವಾ ಕೊಂಡಿಯ ಮೇಲೆ. ವಾರ ಕಳೆದಂತೆ ಹೊಸ ನಾರು ಬಲಿಯುವದು. ಆ ದಿನಗಳಲ್ಲಿ ಅಂಚಿಗೆ ಸಾಕಷ್ಟು ರಕ್ತ ಬರುತ್ತಿರಬೇಕು, ತುದಿಗಳು ಎಳೆದು ಬಿಗಿದಿರಬಾರದು. ಕೆಲವೆಡೆ ರಕ್ತನಾಳಕ್ಕೆ ಹಸಿರು ಬಣ್ಣದ ಔಷಧವನ್ನು ಚುಚ್ಚಿ ವಿಶೇಷ ಬೆಳಕಿನಲ್ಲಿ ಅಂಚು ಬೆಳಗುವದೋ ಇಲ್ಲವೋ ಎಂದು ನೋಡುವರು. ಗುದನಾಳದ ಜೋಡಣೆಗೆ ಇನ್ನೂ ಸುಲಭವಾದ ಪರೀಕ್ಷೆಯುಂಟು: ಸೊಂಟದ ಗೂಡಿನಲ್ಲಿ ನೀರು ತುಂಬಿ, ಕೆಳಗಿನಿಂದ ಗಾಳಿ ಊದಿ, ಗುಳ್ಳೆ ಏಳುವವೇ ಎಂದು ನೋಡುವದು. ಸೈಕಲ್ಲಿನ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುವವನ ಯುಕ್ತಿಯೇ ಅದು. ಇನ್ನು ರೋಗಿಯ ಪಾಲಿನದು: ತಂಬಾಕು ಸೇದುವವರಲ್ಲಿ, ತೀರ ಸೊರಗಿದವರಲ್ಲಿ, ಸಕ್ಕರೆರೋಗವು ಹಿಡಿತದಲ್ಲಿಲ್ಲದವರಲ್ಲಿ, ಕೆಲವು ಬಗೆಯ ಔಷಧಗಳನ್ನು ಬಹುಕಾಲ ತಕ್ಕೊಂಡವರಲ್ಲಿ ಜೋಡಣೆ ಬಿಚ್ಚುವ ಭಯ ಹೆಚ್ಚು. ಬೀಡಿ ಬಿಡುವದಕ್ಕೆ ಯಂತ್ರದ ಬೆಲೆಯಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಗುದನಾಳದ ಆಳದ ಜೋಡಣೆಯಾದಾಗ ವೈದ್ಯರು ಕೆಲವೊಮ್ಮೆ ಮೇಲಿನ ಕರುಳನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ತಾತ್ಕಾಲಿಕವಾದ ಬಾಯಿಯೊಂದನ್ನು ಮಾಡುವರು. ಮಲವು ಕೆಲವು ತಿಂಗಳು ಅಲ್ಲಿಂದ ಚೀಲಕ್ಕೆ ಬೀಳುವದು, ಕೆಳಗಿನ ಜೋಡಣೆಗೆ ವಿಶ್ರಾಂತಿ ದೊರೆಯುವದು. ಸ್ವೀಡನ್ ದೇಶದಲ್ಲಿ ಇಂಥ ೨೩೪ ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ ನೋಡಿ, ೨೦೦೭ರಲ್ಲಿ ಫಲವನ್ನು ಪ್ರಕಟಿಸಿದರು. ಬಾಯಿ ಮಾಡಿದವರಲ್ಲಿ ನೂರಕ್ಕೆ ೧೦.೩, ಮಾಡದವರಲ್ಲಿ ನೂರಕ್ಕೆ ೨೮ ಜನರಿಗೆ ರೋಗಲಕ್ಷಣ ತೋರುವ ಸೋರಿಕೆಯಾಯಿತು. ಕೈ ಮತ್ತು ಯಂತ್ರಗಳ ನಡುವೆ ಇಷ್ಟು ದೊಡ್ಡ ಅಂತರವನ್ನು ಮೇಲಿನ ಯಾವ ಲೆಕ್ಕವೂ ತೋರಿಸಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಚರ್ಚೆಯೆಲ್ಲ ಯಂತ್ರದ ಬೆಲೆಯನ್ನು ಕುರಿತದ್ದು. ಈ ಬಾಯಿಯ ಮಾತು ಬಂದರೆ ಮುಖ ತಿರುಗಿಸುವರು. “ಮಂದಿ ಏನಂದಾರು”, “ಪೂಜಿಗೆ ಹ್ಯಾಂಗ ಕೂಡೋದು”, “ಮಗಳ ಮದಿವಿ ಐತಿ” ಎಂಬ ಮಾತುಗಳನ್ನು ನಾನೇ ಕೇಳಿರುವೆನು. ಚೀಲ ಕಟ್ಟಿಕೊಂಡವರ ಪಂಕ್ತಿಯಲ್ಲಿ ಕೂಡ್ರಲು ಹಿಂಜರಿದವರನ್ನೂ ಕಂಡಿರುವೆನು. ಕಾಯಕ್ಕೆ ಬಂದ ವ್ಯಾಧಿಯು ಪೂಜೆಗೆ ಅಡ್ಡಿಯೆಂದು ಈ ಪೀಠದಿಂದ ಯಾರೂ ಹೇಳಿಲ್ಲ. ಶರೀರದೊಳಗೆ ಎಲ್ಲರೂ ಹೊತ್ತು ನಡೆಯುವದನ್ನೇ ಅವರು ಕೆಲವು ತಿಂಗಳು ಹೊರಗೆ ಹೊತ್ತಿರುವರು. ಲಜ್ಜೆಗಾಗಿ ಈ ರಕ್ಷಣೆಯನ್ನು ಬಿಟ್ಟು ಜೋಡಣೆಯು ಒಡೆದರೆ, ಮಲವು ಹೊಟ್ಟೆಯಲ್ಲಿ ಹರಡಿ ಪ್ರಾಣಕ್ಕೇ ಬರುವದು.

ಎಲ್ಲರಿಗೂ ಈ ಬಾಯಿ ಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೂ ಕಷ್ಟಗಳುಂಟು, ಚರ್ಮ ಕೆರೆಯುವದು, ನೀರು ಉಪ್ಪುಗಳು ಹೆಚ್ಚಾಗಿ ಹೊರಹೋಗಿ ನಿಶ್ಶಕ್ತಿ ಬರುವದು. ಬೇಕೋ ಬೇಡವೋ ಎಂಬದು ವೈದ್ಯನ ನಿರ್ಣಯ. ವೈದ್ಯನು ಬೇಕೆಂದಾಗ ಮನೆಯ ಹಿರಿಯರು ಬೇಡವೆನ್ನಬಾರದೆಂಬದು ನನ್ನ ಬಿನ್ನಹ. ಮೂತ್ರಾಶಯದ ಕಲ್ಲನ್ನು ತೆಗೆಯುವ ಸಂದರ್ಭದಲ್ಲಿ ಸುಶ್ರುತನು, ಮಾಡದಿದ್ದರೆ ಸಾವು ನಿಶ್ಚಿತ, ಮಾಡಿದರೆ ಸಂಶಯವೆಂಬ ಕಾರಣದಿಂದ ಒಡೆಯನಿಗೆ ತಿಳಿಸಿ ಅನುಮತಿ ಪಡೆದು ಮುಂದುವರಿಯಬೇಕೆಂದಿರುವನು. ಈಗ ಆ ಒಡೆಯನ ಸ್ಥಾನದಲ್ಲಿ ರೋಗಿಯೇ ಇರುವನು. ಕಾಗದಕ್ಕೆ ಸಹಿ ಹಾಕುವ ಮುಂಚೆ ರೋಗಿಯ ಬಾಯಿಂದಲೇ ಮಾತು ಬರಲಿ, ಅಣ್ಣತಮ್ಮಂದಿರ ಬಾಯಿಂದಲ್ಲ. ಬಿಚ್ಚುವ ಸಂಭವವೆಷ್ಟು, ಬಿಚ್ಚಿದರೆ ಏನು ಮಾಡುವಿರಿ, ಈ ಕ್ರಮವು ನಿಮ್ಮ ಕೈಗೆ ಪಳಗಿದೆಯೇ ಎಂದು ವಿನಯದಿಂದ ಕೇಳುವದರಲ್ಲಿ ತಪ್ಪಿಲ್ಲ. ಒಳ್ಳೆಯ ವೈದ್ಯನು ಇದಕ್ಕೆ ಸಿಟ್ಟಾಗನು.

ಉಪವಾಸದ ವಿಷಯವಾಗಿಯೂ ಒಂದು ಮಾತು. ಕರುಳು ಜೋಡಿಸಿದ ಮೇಲೆ ಬಹುದಿನ ಬಾಯಿ ಕಟ್ಟುವದು ಹಿಂದಿನ ರೂಢಿ. ಈಗ ಬಹುತೇಕ ರೋಗಿಗಳಿಗೆ ಒಂದೆರಡು ದಿನಗಳಲ್ಲಿಯೇ ದ್ರವ, ಮೆತ್ತನೆಯ ಆಹಾರಗಳನ್ನು ಕೊಡುವರು. ಅದರಿಂದ ಜೋಡಣೆಗೆ ಕೇಡಿಲ್ಲವೆಂದು ಪರೀಕ್ಷೆಗಳಿಂದ ತಿಳಿದಿದೆ. ಸುಶ್ರುತನೂ ಹಾಲು ಕೊಡಲು ಹೇಳಿದನಲ್ಲದೆ ಬರಿಹೊಟ್ಟೆಯಲ್ಲಿಡಲು ಹೇಳಲಿಲ್ಲ. ಆದುದರಿಂದ ವೈದ್ಯರು ಗಂಜಿ ಕೊಡಿರೆಂದಾಗ ಹೆದರಿ ಮುಚ್ಚಿಡಬೇಡಿರಿ. ಅವರು ಕೊಡಬೇಡಿರೆಂದಾಗ ಕನಿಕರದಿಂದ ಕದ್ದು ಹೋಳಿಗೆಯನ್ನೂ ತಿನಿಸಬೇಡಿರಿ. ಮನೆಗೆ ಬಂದ ಮೇಲೆ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆಯುಬ್ಬರ, ಏರಿದ ನಾಡಿ ಇವುಗಳಲ್ಲಿ ಯಾವದು ಕಂಡರೂ ಅಮಾವಾಸ್ಯೆ ಸೋಮವಾರಗಳೆಂದು ಎಣಿಸದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ತಾತ್ಕಾಲಿಕವಾದ ಬಾಯಿಯನ್ನು ಮುಚ್ಚುವ ಎರಡನೆಯ ಶಸ್ತ್ರಕ್ರಿಯೆಯೂ ಚಿಕ್ಕದಾದರೂ ಒಂದು ಅಂತ್ರಸಂಧಾನವೇ. ಅಲ್ಲಿಯೂ ಕೈ ಅಥವಾ ಯಂತ್ರ, ಅಲ್ಲಿಯೂ ಅದೇ ನಾರಿನ ಪೊರೆ, ಅದೇ ಮೂರು ನಾಲ್ಕು ದಿನಗಳ ಎಚ್ಚರ. ಅದನ್ನು ಯಾವ ತಿಂಗಳಲ್ಲಿ ಮಾಡುವರೆಂಬದನ್ನು ಮೊದಲ ಸಲ ಆಸ್ಪತ್ರೆಯಿಂದ ಹೊರಡುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಬೆಳೆಯ ಕೆಲಸ, ಹಣದ ಅಡಚಣೆಗಳಿಂದ ವರ್ಷಗಟ್ಟಲೆ ಮುಂದೂಡಿದವರು ನಮ್ಮ ಸುತ್ತಿನ ಹಳ್ಳಿಗಳಲ್ಲಿಯೇ ಇರುವರು.